ಗೋವಿನಜೋಳಕ್ಕೆ 38 ದಿನ, ಎಲೆ ಹಳದಿ: ಮೂರು ಚೀಲ ಯೂರಿಯಾ ನಾಳೆಯೇ ಒಗೆಯಲಾ?

ವರದಾ ದಂಡೆ (ಹಾವೇರಿ ತಾಲೂಕು) · ಜುಲೈ 14, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮೂರು ಎಕರೆ ಗೋವಿನಜೋಳ (ಮೆಕ್ಕೆಜೋಳ) ಇದೆ. ಜೂನ್ 6ಕ್ಕೆ ಬಿತ್ತಿದ್ದು, ಇವತ್ತಿಗೆ 38 ದಿನ. ಬಿತ್ತುವಾಗ ಕೂರಿಗೆಯಲ್ಲೇ ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಇರುವ ಗೊಬ್ಬರ) ಬಿಟ್ಟಿದ್ದೇನೆ. 25 ದಿನಕ್ಕೆ ಮೇಲುಗೊಬ್ಬರ ಕೊಡಬೇಕಿತ್ತು. ಆಗ ಯೂರಿಯಾ ಸಿಗಲಿಲ್ಲ. ಸಿಕ್ಕಿದ ದಿನವೇ ಮಳೆ ಹಿಡಿದುಕೊಂಡಿತು, ಎಂಟು ದಿನ ಹೊಲಕ್ಕೆ ಕಾಲಿಡಲು ಆಗಲಿಲ್ಲ.

ಮೇಲಿನ ಎರಡು ಎಕರೆ ಮಸಾರಿ (ಕೆಂಪು ಮಣ್ಣು), ಹಳ್ಳದ ಕಡೆಗಿರುವ ಒಂದು ಎಕರೆ ಎರೆ (ಕಪ್ಪು ಮಣ್ಣು). ಎರಡೂ ಕಡೆ ಹಳದಿ ಕಾಣುತ್ತಿದೆ. ಮನೆಯಲ್ಲಿ ಮೂರು ಚೀಲ ಯೂರಿಯಾ ಇದೆ. "ನಾಳೆ ಬೆಳಿಗ್ಗೆ ಮೂರೂ ಚೀಲ ಒಗೆದು ಬಾ" ಅಂತ ಅಪ್ಪನ ಆಜ್ಞೆ. ಇಷ್ಟು ತಡವಾದ ಮೇಲೆ ಕೊಟ್ಟರೆ ಉಪಯೋಗ ಇದೆಯಾ? ಎಲ್ಲ ಒಂದೇ ಸಲ ಕೊಡಬಹುದಾ?

ಬಂಕಾಪುರ ಬೈಕು · ಜುಲೈ 14, ರಾತ್ರಿ 9:22

ಒಗೆದುಬಿಡಿ ಅಣ್ಣ. ಯೋಚನೆ ಮಾಡುತ್ತಾ ಕೂತರೆ ಬೆಳೆ ಕಾಯಲ್ಲ. ನಾಲ್ಕೇ ದಿನಕ್ಕೆ ಕರ್ರಗೆ ಏಳುತ್ತದೆ.

ಮಸಾರಿ ಮಾಸ್ತರ (ರಾಣೆಬೆನ್ನೂರು) · ಜುಲೈ 14, ರಾತ್ರಿ 9:48

ಯಾವ ಎಲೆ ಹಳದಿ ಆಗಿದೆ ಅನ್ನುವುದನ್ನೇ ಹೇಳಿಲ್ಲವಲ್ಲ ತಮ್ಮಾ. ಕೆಳಗಿನದೋ, ಸುಳಿಯದೋ? ತುದಿಯಿಂದ ಶುರುವಾಗಿದೆಯೋ, ಅಂಚಿನಿಂದಲೋ? ನಾಳೆ ಬೆಳಿಗ್ಗೆ ಚೀಲ ಹೊರುವ ಮುಂಚೆ ಒಮ್ಮೆ ಬರಿಗೈಲಿ ಹೋಗಿ ಬಾ. ಮಸಾರಿಯಲ್ಲಿ ಎರಡು ಗಿಡ, ಎರೆಯಲ್ಲಿ ಎರಡು ಗಿಡ ಬುಡಸಮೇತ ಕಿತ್ತು ಬೇರು ನೋಡು.

ಯೂರಿಯಾ ಕೊಡುವುದು ಸಾರಜನಕ. ಅದು ಕಡಿಮೆ ಆದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಅದಕ್ಕೇ ಕೆಳಗಿನ ಎಲೆ ಮೊದಲು ಹೋಗುತ್ತದೆ. ಗೋವಿನಜೋಳದಲ್ಲಿ ಅದರ ಗುರುತು ಸುಲಭ. ಎಲೆಯ ತುದಿಯಿಂದ ನಡುನರದ ಗುಂಟ ಹಳದಿ ಒಳಗೆ ಇಳಿಯುತ್ತದೆ, ಈಟಿಯ ಮೊನೆ ಇಟ್ಟ ಹಾಗೆ. ಅಂಚು ಸುಟ್ಟ ಹಾಗೆ ಕಂದಾದರೆ ಅದು ಪೊಟ್ಯಾಷ್ ಕೊರತೆ. ಸುಳಿಯ ಎಲೆಯೇ ಬೆಳ್ಳಗಾಗಿ, ಬುಡದ ಕಡೆ ಅಗಲ ಪಟ್ಟೆ ಕಂಡರೆ ಸತುವು. ಹೊಸ ಎಲೆ ಪೂರ್ತಿ ತಿಳಿ ಹಳದಿ ಆದರೆ ಗಂಧಕ. ಇವು ಯಾವುವಕ್ಕೂ ಯೂರಿಯಾ ಮದ್ದಲ್ಲ.

ಎರೆಹೊಲ (ನವಲಗುಂದ) · ಜುಲೈ 14, ರಾತ್ರಿ 10:15

ಮಾಸ್ತರರು ಹೇಳಿದ್ದು ಸರಿ. ಇನ್ನೊಂದು ಮಾತು. ಎಂಟು ದಿನ ಮಳೆ ಅಂದರೆ ಹಳ್ಳದ ಕಡೆಯ ಎರೆಯಲ್ಲಿ ನೀರು ನಿಂತಿರುತ್ತದೆ. ಅಲ್ಲಿಯ ಹಳದಿಯೇ ಬೇರೆ. ಬೇರಿಗೆ ಉಸಿರು ಸಿಗದೆ ಗಿಡ ಊಟ ಬಿಟ್ಟಿದೆ. ಊಟ ಬಿಟ್ಟವರ ಮುಂದೆ ಇನ್ನೊಂದು ತಾಟು ಇಟ್ಟರೆ ಏನು ಬಂತು?

ಮೊದಲು ನೀರು ಹೊರಗೆ ಹಾಕಿ. ಇಳಿಜಾರಿನ ಕಡೆ ನೇಗಿಲಿನಿಂದ ಎರಡು ಸಾಲು ಕಾಲುವೆ ಹೊಡೆದರೂ ಸಾಕು.

ಅಂಗಡಿ ಕಟ್ಟೆ (ಗೊಬ್ಬರ ವ್ಯಾಪಾರ, ಗದಗ) · ಜುಲೈ 14, ರಾತ್ರಿ 10:40

ವ್ಯಾಪಾರಿ ಅಂತ ಬೈಯಬೇಡಿ, ಒಂದು ಲೆಕ್ಕ ಹೇಳುತ್ತೇನೆ. ಹಿರಿಯರು "ಎಕರೆಗೆ ಒಂದು ಚೀಲ" ಅಂತ ಹೇಳುವಾಗ ಅವರ ತಲೆಯಲ್ಲಿ 50 ಕೆಜಿ ಚೀಲ ಇರುತ್ತದೆ. 2018ರಿಂದ ಯೂರಿಯಾ ಚೀಲ 45 ಕೆಜಿ. ಗಂಧಕ ಲೇಪಿಸಿದ ಹೊಸ ಯೂರಿಯಾ ಬಂದಿದೆ, ಅದು 40 ಕೆಜಿ ಚೀಲ. ಅದರಲ್ಲಿ ಸಾರಜನಕ ಶೇ 37 ಮಾತ್ರ, ಜೊತೆಗೆ ಶೇ 17 ಗಂಧಕ. ದರ ಎರಡಕ್ಕೂ 266 ರೂಪಾಯಿ 50 ಪೈಸೆ.

ಹಳೆಯ 50 ಕೆಜಿ ಚೀಲದಲ್ಲಿ 23 ಕೆಜಿ ಸಾರಜನಕ ಇತ್ತು. ಈಗಿನ 45 ಕೆಜಿಯಲ್ಲಿ 20.7. ಗಂಧಕದ ಚೀಲದಲ್ಲಿ 14.8. ಮೂರೂ "ಒಂದು ಚೀಲ"ವೇ. ಚೀಲ ಎಣಿಸಬೇಡಿ, ಮೇಲೆ ಬರೆದದ್ದನ್ನು ಓದಿ.

ಬುತ್ತಿಗಂಟು (ಶಿಗ್ಗಾವಿ) · ಜುಲೈ 14, ರಾತ್ರಿ 11:02

ಬೈಯಲ್ಲ ಅಣ್ಣ. ಆದರೆ "ಬಾಟ್ಲಿ ತಗೊಂಡರೆ ಮಾತ್ರ ಚೀಲ" ಅನ್ನುವ ಅಂಗಡಿಗಳಿವೆಯಲ್ಲ, ಅವರನ್ನು ಬೈಯಬಹುದಾ? ಹೋದ ವಾರ ನಮಗೆ ಒಂದು ಕಡೆ ಹಾಗೇ ಹೇಳಿದರು. ಆಧಾರ್ ಕೊಟ್ಟು, ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಿ, ಎರಡು ಚೀಲಕ್ಕೆ ಎರಡು ನ್ಯಾನೋ ಯೂರಿಯಾ (ಎಲೆಗೆ ಸಿಂಪಡಿಸುವ ದ್ರವ) ಬಾಟ್ಲಿ ಹಿಡಿದು ಬಂದೆವು. ಕಿಟಕಿಯಲ್ಲಿ ಇನ್ನೂ ಹಾಗೇ ಕೂತಿವೆ.

ಅಂಗಡಿ ಕಟ್ಟೆ · ಜುಲೈ 14, ರಾತ್ರಿ 11:05

ಅವರನ್ನು ಧಾರಾಳವಾಗಿ ಬೈಯಿರಿ. ರೈತ ಸಂಪರ್ಕ ಕೇಂದ್ರಕ್ಕೂ ಬರೆದು ಕೊಡಿ. ರಸೀದಿ ಇಟ್ಟುಕೊಂಡಿರಿ.

ವರದಾ ದಂಡೆ · ಜುಲೈ 15, ಬೆಳಿಗ್ಗೆ 8:30

ಬರಿಗೈಲಿ ಹೋಗಿ ಬಂದೆ ಮಾಸ್ತರೇ. ಅಪ್ಪನಿಗೆ ಸಿಟ್ಟು ಬಂದಿದೆ, ಅದು ಬೇರೆ ಮಾತು.

ಮಸಾರಿಯಲ್ಲಿ ಕೆಳಗಿನ ಮೂರು ಎಲೆ ನೀವು ಹೇಳಿದ ಈಟಿಯ ಹಾಗೆಯೇ ಹಳದಿ. ಮೇಲಿನ ಎಲೆ ಹಸಿರು, ಆದರೆ ತೆಳು ಹಸಿರು. ಬೇರು ಬಿಳಿ, ಚೆನ್ನಾಗಿದೆ. ಗಿಡ ಸೊಂಟದ ಹತ್ತಿರ ಬಂದಿದೆ.

ಎರೆಯಲ್ಲಿ ಗಿಡ ಮೊಣಕಾಲಿಗೇ ನಿಂತಿದೆ. ಇಡೀ ಗಿಡ ಪೇಲವ. ಕಿತ್ತರೆ ಬೇರು ಕಂದು, ಕೆಸರಿನ ಕೆಟ್ಟ ವಾಸನೆ. ಹೆಜ್ಜೆ ಇಟ್ಟಲ್ಲೆಲ್ಲ ನೀರು ಬರುತ್ತದೆ. ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಸುಳಿಯ ಎಲೆ ಮೇಲೆ ಬಿಳಿ ಪಟ್ಟೆ ಕೂಡ ಇದೆ.

ಕೂರಿಗೆ ತಾಳು (ಧಾರವಾಡ) · ಜುಲೈ 15, ಬೆಳಿಗ್ಗೆ 9:40

ಇದು ಒಂದೇ ಬೆಳೆ ಆದರೂ ಎರಡು ಹೊಲ. ಎರಡಕ್ಕೂ ಬೇರೆ ಬೇರೆ ಉತ್ತರ. ನಾನು ಇಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಈಗ ಊರಲ್ಲೇ ಹೊಲ ನೋಡಿಕೊಂಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ತಡ ಆಯಿತಾ? ಆಗಿದೆ, ಆದರೆ ಕೈ ಮೀರಿಲ್ಲ. ಗೋವಿನಜೋಳ ಮೊದಲ ಮೂರು ವಾರ ತಿನ್ನುವುದು ಬಹಳ ಕಡಿಮೆ. ಮೊಣಕಾಲೆತ್ತರ ದಾಟಿದ ಮೇಲೆ ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವವರೆಗೆ ಅದರ ನಿಜವಾದ ಊಟ. ನಿಮ್ಮ ಬೆಳೆ ಈಗ ಆ ಪಂಕ್ತಿಯಲ್ಲಿ ಕೂತಿದೆ. ಸೂಲಂಗಿ 52ರಿಂದ 55 ದಿನಕ್ಕೆ ಬರಬಹುದು. ಅಲ್ಲಿಯವರೆಗೆ ಕೊಟ್ಟದ್ದು ತೆನೆಗೆ ಹೋಗುತ್ತದೆ. ತೆನೆಯ ಕೂದಲು ಒಣಗಿದ ಮೇಲೆ ಕೊಟ್ಟದ್ದು ಕಳೆಗೆ.

ಎಷ್ಟು ಬೇಕು? ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕೆಜಿ ಸಾರಜನಕ ಶಿಫಾರಸು. ಎಕರೆಗೆ 40 ಕೆಜಿ ಆಯಿತು. ನಿಮ್ಮ 50 ಕೆಜಿಯ ಒಂದು ಚೀಲ ಡಿಎಪಿಯಲ್ಲಿ ಶೇ 18ರ ಲೆಕ್ಕಕ್ಕೆ 9 ಕೆಜಿ ಹೋಗಿದೆ. ಉಳಿದದ್ದು 31 ಕೆಜಿ. ಅದು 67 ಕೆಜಿ ಯೂರಿಯಾ, ಅಂದರೆ ಸರಿಯಾಗಿ ಒಂದೂವರೆ ಚೀಲ. ಮೂರು ಎಕರೆಗೆ ನಾಲ್ಕೂವರೆ ಚೀಲ ಬೇಕು, ನಿಮ್ಮ ಹತ್ತಿರ ಮೂರಿದೆ. ಹಾಗಾಗಿ "ಮೂರೂ ಚೀಲ ಜಾಸ್ತಿ ಆಗುತ್ತದೆ" ಅನ್ನುವ ಭಯ ಬೇಡ. ನನಗೆ ಭಯ ಇರುವುದು ಎಲ್ಲವನ್ನೂ ನಾಳೆಯೇ, ಎಲ್ಲಾ ಕಡೆಯೂ ಒಗೆಯುವ ಬಗ್ಗೆ.

ಮಸಾರಿಯಲ್ಲಿ ಒಂದೇ ಸಲ ಕೊಟ್ಟರೆ ನೀರಿನಲ್ಲಿ ಕರಗುವ ನೈಟ್ರೇಟ್ ಆಗಿ ಮುಂದಿನ ಜೋರು ಮಳೆಗೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಅಲ್ಲಿ ಈಗ ಎಕರೆಗೆ ಒಂದು ಚೀಲ, ಸೂಲಂಗಿ ಹೊತ್ತಿಗೆ ಅರ್ಧ ಚೀಲ ಕೊಡಿ. ಎರೆಯ ಕಥೆಯೇ ಬೇರೆ. ನೀರು ನಿಂತ ನೆಲದಲ್ಲಿ ಗಾಳಿ ಇರಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತು ಉಸಿರಾಡುತ್ತವೆ, ಸಾರಜನಕ ಮೇಲೆ ಹಾರಿಹೋಗುತ್ತದೆ. ಆ ಎಕರೆಗೆ ಇವತ್ತು ಒಂದು ಕಾಳು ಯೂರಿಯಾ ಕೂಡ ಹಾಕಬೇಡಿ. ನೀರು ತೆಗೆಯಿರಿ, ಹದ ಬರಲಿ.

ಬಿಳಿ ಪಟ್ಟೆಗೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ ಸೇರಿಸಿ ಸಿಂಪಡಿಸಿ. ಸುಣ್ಣ ಸೇರಿಸದಿದ್ದರೆ ಎಲೆ ಸುಡುತ್ತದೆ.

ಎರೆಹೊಲ · ಜುಲೈ 15, ಬೆಳಿಗ್ಗೆ 10:05

ನೀರು ಇಳಿಯುವವರೆಗೆ ಗಿಡಕ್ಕೆ ಸ್ವಲ್ಪ ಗಂಜಿ ಕುಡಿಸಬಹುದು. ಲೀಟರಿಗೆ 20 ಗ್ರಾಂ ಯೂರಿಯಾ, ಎಕರೆಗೆ 200 ಲೀಟರ್ ಸಿಂಪಡಣೆ. ನಾವು ಮಾಡುತ್ತೇವೆ. ಸಂಜೆ ಹೊತ್ತು ಹೊಡೆಯಿರಿ, ಮಧ್ಯಾಹ್ನದ ಬಿಸಿಲಲ್ಲಿ ಬೇಡ.

ಬಂಕಾಪುರ ಬೈಕು · ಜುಲೈ 15, ಬೆಳಿಗ್ಗೆ 10:20

ಸಿಂಪಡಣೆಯೇ ಸಾಕಾಗುವುದಾದರೆ ಈ ಚೀಲದ ತಾಪತ್ರಯವೇ ಯಾಕೆ? ನ್ಯಾನೋ ಬಾಟ್ಲಿ ಒಂದು ಚೀಲಕ್ಕೆ ಸಮ ಅಂತಾರಲ್ಲ.

ಕೂರಿಗೆ ತಾಳು · ಜುಲೈ 15, ಬೆಳಿಗ್ಗೆ 11:10

ಲೆಕ್ಕ ಹಾಕೋಣ. ಲೀಟರಿಗೆ 20 ಗ್ರಾಂನಂತೆ 200 ಲೀಟರಿಗೆ 4 ಕೆಜಿ ಯೂರಿಯಾ. ಅದರಲ್ಲಿ ಸಾರಜನಕ ಎರಡು ಕೆಜಿಗೂ ಸ್ವಲ್ಪ ಕಡಿಮೆ. ನಮಗೆ ಬೇಕಾದದ್ದು 31 ಕೆಜಿ. ಎರೆಹೊಲ ಅವರು ಅದನ್ನು ಗಂಜಿ ಅಂದದ್ದು ಸರಿಯಾಗಿದೆ.

ಇನ್ನು ಬಾಟ್ಲಿ. ಮೊದಲು ಬಂದ ಅರ್ಧ ಲೀಟರಿನದು ಶೇ 4ರದ್ದು. ಅದರಲ್ಲಿ ಸಾರಜನಕ 20 ಗ್ರಾಂ. ಚೀಲದಲ್ಲಿ 20 ಕೆಜಿ ಮೇಲೆ. ಈಗ ಇನ್ನೂ ಗಟ್ಟಿಯಾದದ್ದು ಬಂದಿದೆ, ಆದರೂ ಲೆಕ್ಕ ಗ್ರಾಮಿನಲ್ಲೇ. ಒಂದು ಟನ್ ಕಾಳು ಕೊಡಲು ಗೋವಿನಜೋಳದ ಬೆಳೆ ನೆಲದಿಂದ ಸುಮಾರು 20ರಿಂದ 25 ಕೆಜಿ ಸಾರಜನಕ ಎತ್ತುತ್ತದೆ. ಎಲೆ ಎಷ್ಟೇ ಚುರುಕಾಗಿ ಹೀರಿದರೂ ಗ್ರಾಮು ಕೆಜಿ ಆಗಲ್ಲ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಗೋಧಿ, ಭತ್ತದಲ್ಲಿ ಅರ್ಧ ಸಾರಜನಕ ಕಡಿಮೆ ಮಾಡಿ, ಆ ಜಾಗಕ್ಕೆ ನ್ಯಾನೋ ಸಿಂಪಡಿಸಿ ನೋಡಿದ್ದರು. ಇಳುವರಿ ಇಳಿಯಿತು. ಕೊಂಡಿಟ್ಟ ಬಾಟ್ಲಿ ಇದ್ದರೆ ಸಿಂಪಡಿಸಿ, ತೊಂದರೆ ಇಲ್ಲ. ಅದನ್ನು ನಂಬಿ ಚೀಲ ಬಿಡಬೇಡಿ.

ಹೊಸ ಹರಗು (ಕಲಘಟಗಿ) · ಜುಲೈ 15, ಮಧ್ಯಾಹ್ನ 1:30

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮಳೆ ಬರುವ ಮುಂಚೆ ಒಗೆಯಬೇಕಾ, ಬಂದ ಮೇಲಾ? ನಮ್ಮ ಊರಲ್ಲಿ ಇದಕ್ಕೇ ಜಗಳ ಆಗುತ್ತದೆ.

ಮಸಾರಿ ಮಾಸ್ತರ · ಜುಲೈ 15, ಮಧ್ಯಾಹ್ನ 2:15

ಬೆಳಿಗ್ಗೆ ದನದ ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಬಡಿಯುತ್ತದಲ್ಲ, ಗಂಜಳದ ಘಾಟು? ಅದೇ ಅಮೋನಿಯಾ. ಗಂಜಳದಲ್ಲಿ ಇರುವುದೂ ಯೂರಿಯಾವೇ. ಚೀಲದ ಯೂರಿಯಾ ನೆಲದ ಮೇಲೆ ಬಿದ್ದು ತೇವ ಕುಡಿದರೆ ಅದೇ ಆಟ ಶುರು. ಮಣ್ಣಿನಲ್ಲಿರುವ ಒಂದು ಕಿಣ್ವ ಅದನ್ನು ಒಡೆಯುತ್ತದೆ, ಅಮೋನಿಯಾ ಆಗುತ್ತದೆ. ಮಣ್ಣಿನ ಒಳಗಿದ್ದರೆ ಮಣ್ಣು ಹಿಡಿದುಕೊಳ್ಳುತ್ತದೆ. ಮೇಲೆ ಇದ್ದರೆ ಗಾಳಿಗೆ ಹೋಗುತ್ತದೆ. ಹೊಲದಲ್ಲಿ ವಾಸನೆ ಬಾರದಿರಬಹುದು, ಆದರೆ ನಷ್ಟ ಆಗುತ್ತಿರುತ್ತದೆ. ಕೆಟ್ಟ ದಿನ ಸಿಕ್ಕರೆ ಕಾಲು ಚೀಲಕ್ಕೂ ಮೇಲೆ ಹೋಗುತ್ತದೆ. ಸುಣ್ಣದ ಹರಳು ಇರುವ ನಮ್ಮ ಎರೆಯಲ್ಲಿ ಇನ್ನೂ ಜಾಸ್ತಿ, ಯಾಕಂದರೆ ಕ್ಷಾರ ಮಣ್ಣು ಅಮೋನಿಯಾವನ್ನು ಹೊರಗೆ ತಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟ ದಿನ ಯಾವುದು ಗೊತ್ತಾ? ನೆಲದ ಮೇಲ್ಮೈ ಮಾತ್ರ ಒದ್ದೆ, ಆಕಾಶ ಬಿಳಿಚಿದೆ, ಗಾಳಿ ಬೀಸುತ್ತಿದೆ, ಮುಂದೆ ಮೂರು ದಿನ ಮಳೆ ಇಲ್ಲ. ನಮ್ಮವರು "ಹಸಿ ಇದೆ, ಒಗೆ" ಅಂತ ಅದೇ ದಿನ ಹೋಗುತ್ತಾರೆ. ಕಾಳು ಕರಗುತ್ತದೆ, ಒಳಗೆ ಇಳಿಯಲು ನೀರು ಇಲ್ಲ. ಒಳ್ಳೆಯದು ಅಂದರೆ ಒಗೆದ ಮೇಲೆ 12ರಿಂದ 15 ಮಿಲಿಮೀಟರ್ ಸಣ್ಣ ಮಳೆ. ಅಷ್ಟು ಹದವಾದ ಮಳೆ ನಮ್ಮ ಮಾತು ಕೇಳಿ ಬರುತ್ತದಾ? ಆದ್ದರಿಂದ ಮಳೆಯನ್ನು ನಂಬುವ ಬದಲು ಎಡೆಕುಂಟೆ (ಸಾಲಿನ ನಡುವೆ ಎತ್ತು ಎಳೆಯುವ ಕುಂಟೆ) ನಂಬು. ಗಿಡದಿಂದ ನಾಲ್ಕು ಬೆರಳು ದೂರ ಸಾಲು ಹಿಡಿದು ಹಾಕುತ್ತಾ ಹೋಗು, ಹಿಂದೆಯೇ ಎಡೆ ಹೊಡೆದು ಮುಚ್ಚುತ್ತಾ ಬರಲಿ. ಎತ್ತಿನ ಬಾಯಿಗೆ ಕುಕ್ಕೆ ಕಟ್ಟು. ಇಲ್ಲವಾದರೆ ನಿನ್ನ ಗೋವಿನಜೋಳ ಅವೇ ಮುಗಿಸುತ್ತವೆ.

ಹೊಸ ಹರಗು · ಜುಲೈ 15, ಮಧ್ಯಾಹ್ನ 2:40

ಈಗೆಲ್ಲ ಬೇವು ಲೇಪಿಸಿದ ಯೂರಿಯಾವೇ ಅಲ್ವಾ? ಅದು ಹಾರಿಹೋಗುವುದನ್ನು ತಡೆಯಲ್ವಾ?

ಕೂರಿಗೆ ತಾಳು · ಜುಲೈ 15, ಮಧ್ಯಾಹ್ನ 3:00

ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. 2015ರಿಂದ ಪೂರ್ತಿ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯ. ಬೇವು ತಡ ಮಾಡುವುದು ಅಮೋನಿಯಂ ಮುಂದೆ ನೈಟ್ರೇಟ್ ಆಗಿ ಬದಲಾಗುವ ಎರಡನೇ ಹೆಜ್ಜೆಯನ್ನು. ಮಸಾರಿಯಲ್ಲಿ ಕೆಳಗೆ ಇಳಿದುಹೋಗುವುದು, ನೀರು ನಿಂತಲ್ಲಿ ಹಾರಿಹೋಗುವುದು ಅದರಿಂದ ಸ್ವಲ್ಪ ಕಡಿಮೆ ಆಗುತ್ತದೆ. ಮಾಸ್ತರರು ಹೇಳಿದ ಕೊಟ್ಟಿಗೆ ವಾಸನೆ ಮೊದಲ ಹೆಜ್ಜೆಯದು. ಅಲ್ಲಿ ಬೇವನ್ನು ನಂಬಬೇಡಿ, ಮಣ್ಣು ಮುಚ್ಚಿ.

ಬುತ್ತಿಗಂಟು · ಜುಲೈ 15, ರಾತ್ರಿ 8:50

ನೀವೆಲ್ಲ "ಸಾಲು ಹಿಡಿದು ಹಾಕು" ಅಂತ ಬರೆದುಬಿಡುತ್ತೀರಿ. ಉಡಿಯಲ್ಲಿ ಕಟ್ಟಿಕೊಂಡು ಬಗ್ಗಿ ಹಾಕುವವರು ನಾವು. ನಾನು ಹೇಳುತ್ತೇನೆ ಕೇಳಿ.

ಮೊದಲ ಹತ್ತು ಸಾಲಿಗೆ ಮುಷ್ಟಿ ತುಂಬಾ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಚೀಲ ಖಾಲಿ ಆಗುತ್ತಿದೆ ಅಂತ ಕೈ ಬಿಗಿಯಾಗುತ್ತದೆ. ಕೊನೆಯ ಸಾಲಿಗೆ ಚಿಟಿಕೆ. ಆಮೇಲೆ ಹೊಲ ನೋಡಿದರೆ ಪಟ್ಟಾಪಟ್ಟಿ ಲುಂಗಿ ಹಾಗೆ ಕಾಣುತ್ತದೆ, ಒಂದು ಕಡೆ ಕಡುಹಸಿರು, ಒಂದು ಕಡೆ ತಿಳಿಹಸಿರು.

ನಾವು ಈಗ ಡಬ್ಬಿ ಅಳತೆ ಮಾಡುತ್ತೇವೆ. ನನ್ನ ಮಗಳು ಲೆಕ್ಕ ಹಾಕಿಕೊಟ್ಟಳು. ಸಾಲಿನಿಂದ ಸಾಲಿಗೆ ಎರಡು ಅಡಿ, ಅಂದರೆ 60 ಸೆಂಟಿಮೀಟರ್. ಆಗ ಒಂದು ಎಕರೆಯ ಎಲ್ಲ ಸಾಲು ಜೋಡಿಸಿದರೆ ಸುಮಾರು 6,700 ಮೀಟರ್ ಉದ್ದ. ಒಂದು ಚೀಲ ಹಂಚಿದರೆ ಮೀಟರಿಗೆ ಸುಮಾರು ಆರೂಮುಕ್ಕಾಲು ಗ್ರಾಂ. ನಮ್ಮ ಸಾಲು 100 ಮೀಟರ್ ಉದ್ದ, ಹಾಗಾಗಿ ಸಾಲಿಗೆ 670 ಗ್ರಾಂ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ಡಬ್ಬಿಗೆ ಗೆರೆ ಹಾಕಿಕೊಂಡೆ. ಒಂದು ಸಾಲಿಗೆ ಒಂದು ಡಬ್ಬಿ. ಮುಗಿಯಿತು.

ಮತ್ತೆ ಇಬ್ಬನಿ ಆರಿದ ಮೇಲೆ ಹೋಗಿ. ಸುಳಿಯೊಳಗೆ ಕಾಳು ಬಿದ್ದರೆ ಎಲೆ ಸುಟ್ಟು ಬಿಳಿ ಕಲೆ ಆಗುತ್ತದೆ. ಕೈಯಲ್ಲಿ ಗಾಯ ಇದ್ದರೆ ಉರಿ ತಡೆಯಲು ಆಗಲ್ಲ, ಬಟ್ಟೆ ಸುತ್ತಿಕೊಳ್ಳಿ.

ಕಡೆಯದಾಗಿ ಒಂದು ಮಾತು. ಯೂರಿಯಾ ಕರಗಿಸಿದ ಬಕೆಟ್ ದನ ಕಟ್ಟುವ ಕಡೆ ಇಡಬೇಡಿ. ಆ ನೀರು ಕೈಗೆ ತಣ್ಣಗೆ ಹತ್ತುತ್ತದೆ, ದನಕ್ಕೆ ಬಾಯಾರಿದ್ದರೆ ಕುಡಿದುಬಿಡುತ್ತದೆ. ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಹೋರಿ ಹಾಗೇ ಹೋಯಿತು. ಸಂಜೆ ಕುಡಿದದ್ದು, ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ವರದಾ ದಂಡೆ · ಜುಲೈ 15, ರಾತ್ರಿ 9:20

ಅಕ್ಕಾ, ಡಬ್ಬಿ ಲೆಕ್ಕ ಬರೆದಿಟ್ಟುಕೊಂಡೆ. ಅಪ್ಪನಿಗೂ ಓದಿ ಹೇಳಿದೆ. "ಆರೂಮುಕ್ಕಾಲು ಗ್ರಾಂ" ಅಂದಾಗ ನಕ್ಕರು. ಆದರೆ ನಾಳೆ ಒಗೆಯುವ ಮಾತು ಬಿಟ್ಟಿದ್ದಾರೆ.

ಉಳ್ಳಾಗಡ್ಡಿ ಸಂತೆ (ಗದಗ) · ಜುಲೈ 16, ಬೆಳಿಗ್ಗೆ 7:15

ನೀವೆಲ್ಲ ಗೋವಿನಜೋಳದವರು ಪುಣ್ಯವಂತರು. ಒಂದೇ ಬೆಳೆ. ನಮ್ಮದು ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರೂ ಒಂದೇ ಹೊಲದಲ್ಲಿ. ಉಳ್ಳಾಗಡ್ಡಿಗೆ ಗಡ್ಡೆ ಕಟ್ಟುವ ಹೊತ್ತಿಗೆ ಸಾರಜನಕ ನಿಲ್ಲಿಸಬೇಕು. ಇಲ್ಲವಾದರೆ ಕುತ್ತಿಗೆ ದಪ್ಪ ಆಗಿ ಒಣಗಲ್ಲ, ಇಟ್ಟರೆ ಕೊಳೆಯುತ್ತದೆ. ಅದೇ ಹೊತ್ತಿಗೆ ಹತ್ತಿ "ನನಗೆ ಹಾಕು" ಅನ್ನುತ್ತದೆ. ಯಾರ ಮಾತು ಕೇಳುವುದು?

ಬ್ಯಾಡಗಿ ಕೆಂಪು (ಕುಂದಗೋಳ) · ಜುಲೈ 16, ಬೆಳಿಗ್ಗೆ 7:50

ಮೊದಲು ಏಳುವವರ ಮಾತು ಕೇಳಿ. ನಾವು ಉಳ್ಳಾಗಡ್ಡಿ ಕಿತ್ತ ಮೇಲೆಯೇ ಹತ್ತಿ, ಮೆಣಸಿನಗಿಡಕ್ಕೆ ಎರಡನೇ ಗೊಬ್ಬರ ಕೊಡುವುದು. ಅದೂ ಬುಡದಲ್ಲಿ, ಮಣ್ಣು ಮುಚ್ಚಿ. ಮೆಣಸಿಗೆ ಯೂರಿಯಾ ಜಾಸ್ತಿ ಆದರೆ ಎಲೆ ಎಳೆಯದಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟಕ್ಕೆ ಹಬ್ಬ. ಎಲೆ ಮುರುಟಿದ ಮೇಲೆ ಔಷಧಿ ಅಂಗಡಿಗೆ ಎಡತಾಕುತ್ತೇವೆ. ಕೆಲವೊಮ್ಮೆ ಆ ರೋಗ ಕೊಂಡು ತಂದವರು ನಾವೇ.

ಅಂಗಡಿ ಕಟ್ಟೆ · ಜುಲೈ 16, ಬೆಳಿಗ್ಗೆ 8:10

ಔಷಧಿ ಅಂಗಡಿಯೂ ನನ್ನದೇ. ಬನ್ನಿ ಬನ್ನಿ.

ಹೆಸರು ಬೇಳೆ (ಅಣ್ಣಿಗೇರಿ) · ಜುಲೈ 16, ಬೆಳಿಗ್ಗೆ 9:00

ಹೆಸರಿಗೆ ಸ್ವಲ್ಪ ಯೂರಿಯಾ ಒಗೆದರೆ ಹೇಗೆ? ಪಕ್ಕದ ಹೊಲದವರು ಒಗೆದಿದ್ದಾರೆ, ಬಳ್ಳಿ ಜೋರಾಗಿದೆ.

ಎರೆಹೊಲ · ಜುಲೈ 16, ಬೆಳಿಗ್ಗೆ 9:30

ಬಳ್ಳಿ ಜೋರಾಗಿದೆ, ಕಾಯಿ ಎಣಿಸಿದ್ದೀರಾ? ಹೆಸರಿನ ಬೇರಿನ ಗಂಟು ಸೀಳಿ ನೋಡಿ. ಒಳಗೆ ಕೆಂಪಗೆ ಇದ್ದರೆ ಅದು ಗಾಳಿಯಿಂದಲೇ ಸಾರಜನಕ ತಯಾರಿಸುತ್ತಿದೆ. ಪುಕ್ಕಟೆ ಕಾರ್ಖಾನೆ. ಮೇಲಿಂದ ಯೂರಿಯಾ ಸುರಿದರೆ ಗಂಟು ಕೆಲಸ ಬಿಡುತ್ತದೆ. ಬಿತ್ತುವಾಗ ಕೊಡುವ ಎಕರೆಗೆ 10 ಕೆಜಿ ಸಾರಜನಕ ಸಾಕು. ಹೂವಿನ ಹೊತ್ತಿಗೆ ಬೇಕಾದರೆ ಶೇ 2ರ ಡಿಎಪಿ ತಿಳಿ ಸಿಂಪಡಿಸಿ.

ಹಿಂಗಾರಿ ಬಿಳಿಜೋಳಕ್ಕೂ ಮೇಲುಗೊಬ್ಬರ ಬೇಡ. ಎಲ್ಲ ಗೊಬ್ಬರ ಬಿತ್ತುವಾಗಲೇ ಕೂರಿಗೆಯಲ್ಲಿ ಆಳಕ್ಕೆ ಹೋಗಬೇಕು. ನವೆಂಬರಿನಲ್ಲಿ ಒಣ ನೆಲದ ಮೇಲೆ ಒಗೆದ ಯೂರಿಯಾ ಸುಮ್ನೆ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ, ಬೇರು ಅದರ ಒಂದು ಗೇಣು ಕೆಳಗೆ ತೇವ ಹುಡುಕುತ್ತಿರುತ್ತದೆ.

ಹಾನಗಲ್ ಗದ್ದೆ · ಜುಲೈ 16, ಮಧ್ಯಾಹ್ನ 12:20

ಭತ್ತದವರು ಎಲೆ ಬಣ್ಣದ ಪಟ್ಟಿ ಇಟ್ಟುಕೊಳ್ಳಿ. ನಾಲ್ಕೈದು ಹಸಿರು ಪಟ್ಟೆ ಇರುವ ಪ್ಲಾಸ್ಟಿಕ್ ಕಡ್ಡಿ, ಜೇಬಿಗೆ ಹಿಡಿಯುತ್ತದೆ. ಎಲೆಯನ್ನು ಅದರ ಮೇಲೆ ಇಟ್ಟು ನಿಮ್ಮ ನೆರಳಿನಲ್ಲೇ ನೋಡಬೇಕು, ಬಿಸಿಲಿಗೆ ಕಣ್ಣು ಮೋಸ ಹೋಗುತ್ತದೆ. ಎಲೆ ತೆಳು ಹಸಿರು ಕಂಡರೆ ಮಾತ್ರ ಯೂರಿಯಾ. ನಾನು ಎರಡು ವರ್ಷದಿಂದ ಅದನ್ನು ನೋಡಿಯೇ ಕೊಡುವುದು.

ಮಸಾರಿ ಮಾಸ್ತರ · ಜುಲೈ 16, ರಾತ್ರಿ 9:00

ವರದಾ ದಂಡೆಯ ಅಪ್ಪನ ಅವಸರ ನನಗೆ ಅರ್ಥ ಆಗುತ್ತದೆ. 2008ರ ಜೂನ್ 10ಕ್ಕೆ ಗೊಬ್ಬರ ಕೇಳಲು ಬಂದವರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಬಿಟ್ಟರು. 2025ರ ಮುಂಗಾರಿನಲ್ಲೂ ಒಂದು ಚೀಲಕ್ಕೆ ಬೆಳಗಿನ ಜಾವದಿಂದ ಸಾಲು. ಇದನ್ನೆಲ್ಲ ನೋಡಿದವರಿಗೆ ಚೀಲ ಮನೆಯಲ್ಲಿದ್ದರೆ ನಿದ್ದೆ ಬರಲ್ಲ, ಹೊಲಕ್ಕೆ ಬಿದ್ದರೇನೇ ಸಮಾಧಾನ. ಬೆಳೆ ಕೇಳಿದಾಗ ಕೊಡಬೇಕು ಅಂತ ನಾವು ಇಲ್ಲಿ ಬರೆಯುತ್ತೇವೆ. ಅವರು ಸಿಕ್ಕಾಗ ಕೊಟ್ಟು ಬದುಕಿದವರು.

ಆದರೂ ಅಪ್ಪನಿಗೆ ಹೇಳು, ಯೂರಿಯಾ ಕೆಡುವ ವಸ್ತುವಲ್ಲ. ಹಲಗೆ ಮೇಲೆ ಇಟ್ಟು, ಚೀಲದ ಬಾಯಿ ಬಿಗಿದು ಕಟ್ಟಿದರೆ ಸಾಕು. ತೇವ ಹತ್ತಿದರೆ ಗಡ್ಡೆ ಆಗುತ್ತದೆ, ಅಷ್ಟೇ.

ಕೂರಿಗೆ ತಾಳು · ಜುಲೈ 16, ರಾತ್ರಿ 9:35

ವರದಾ ದಂಡೆ, ಒಂದು ಕೋರಿಕೆ. ಮಸಾರಿಯಲ್ಲಿ ಕೊಡುವಾಗ ನಾಲ್ಕು ಸಾಲಿಗೆ ಏನೂ ಹಾಕಬೇಡಿ. ಇನ್ನೊಂದು ಕಡೆ ನಾಲ್ಕು ಸಾಲಿಗೆ ಎರಡು ಡಬ್ಬಿ ಹಾಕಿ. ಗೂಟ ನೆಟ್ಟು ಗುರುತು ಮಾಡಿ. ನಿಮ್ಮ ಹೊಲಕ್ಕೆ ಎಷ್ಟು ಬೇಕು ಅಂತ ನಮ್ಮ ಯಾರ ಲೆಕ್ಕಕ್ಕಿಂತ ಆ ಎಂಟು ಸಾಲು ಚೆನ್ನಾಗಿ ಹೇಳುತ್ತವೆ.

ವರದಾ ದಂಡೆ · ಜುಲೈ 16, ರಾತ್ರಿ 9:50

ನಾಲ್ಕು ಸಾಲು ಉಪವಾಸ ಕೆಡವಬೇಕಾ? ಅಪ್ಪನಿಗೆ ಗೊತ್ತಾಗದ ಹಾಗೆ ಬದುವಿನ ಆಚೆ ಕಡೆ ಮಾಡುತ್ತೇನೆ.

ವರದಾ ದಂಡೆ · ಜುಲೈ 20, ರಾತ್ರಿ 8:40

ನಿನ್ನೆ ಬಿಸಿಲು ಬಿತ್ತು. ಮಸಾರಿ ಹದಕ್ಕೆ ಬಂದಿತ್ತು. ಎರಡು ಎಕರೆಗೆ ಎರಡು ಚೀಲ, ಡಬ್ಬಿ ಅಳತೆಯಲ್ಲಿ. ಅವ್ವ, ಅತ್ತಿಗೆ ಹಾಕುತ್ತಾ ಹೋದರು, ನಾನು ಹಿಂದೆ ಎಡೆ ಹೊಡೆದೆ. ಗಿಡ ಎತ್ತರ ಆಗಿದ್ದರಿಂದ ಅಲ್ಲಲ್ಲಿ ಮುರಿಯಿತು. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಎತ್ತು ಒಳಗೆ ಹೋಗುತ್ತಿರಲಿಲ್ಲ.

ಎರೆಯಲ್ಲಿ ಕಾಲುವೆ ಹೊಡೆದು ನೀರು ಹಳ್ಳಕ್ಕೆ ಬಿಟ್ಟೆ. ಯೂರಿಯಾ ಸಿಂಪಡಣೆ ಒಮ್ಮೆ ಆಯಿತು. ಒಂದು ದಿನ ಬಿಟ್ಟು ಸತುವು ಸುಣ್ಣ ಕೂಡಿಸಿ, ಯೂರಿಯಾದಿಂದ ಬೇರೆಯಾಗಿ ಹೊಡೆದೆ.

ವರದಾ ದಂಡೆ · ಜುಲೈ 31, ಸಂಜೆ 6:30

ಮಸಾರಿ ಕರ್ರಗೆ ಆಗಿದೆ. ಸೂಲಂಗಿ ಇಣುಕುತ್ತಿದೆ. ಉಪವಾಸದ ನಾಲ್ಕು ಸಾಲು ದೂರದಿಂದಲೇ ಕಾಣುತ್ತದೆ, ಅಪ್ಪನಿಗೂ ಕಂಡುಬಿಟ್ಟಿತು. ಬೈಗುಳ ಆಯಿತು. ಎರಡು ಡಬ್ಬಿ ಹಾಕಿದ ಸಾಲಿಗೂ ಒಂದು ಡಬ್ಬಿ ಸಾಲಿಗೂ ಬಣ್ಣದಲ್ಲಿ ವ್ಯತ್ಯಾಸ ಹೇಳಲು ಆಗುತ್ತಿಲ್ಲ. ಆದರೆ ಎರಡು ಡಬ್ಬಿಯ ಸಾಲಿನ ಸುಳಿಯಲ್ಲಿ ಲದ್ದಿ ಹುಳು ಜಾಸ್ತಿ ಇದ್ದ ಹಾಗಿದೆ.

ಎರೆಗೆ ಐದು ದಿನದ ಹಿಂದೆ ಅರ್ಧ ಚೀಲ ಕೊಟ್ಟೆ. ಸಹಕಾರಿ ಸಂಘದಲ್ಲಿ ಇನ್ನೊಂದು ಚೀಲ ಸಿಕ್ಕಿದೆ. ಮಸಾರಿಗೆ ಎಕರೆಗೆ ಅರ್ಧದಂತೆ ಒಂದು ಚೀಲ, ಉಳಿದ ಅರ್ಧ ಎರೆಗೆ. ಈಗ ಎಡೆ ಹೊಡೆಯಲು ಆಗಲ್ಲ. ಏನು ಮಾಡಲಿ?

ಮಸಾರಿ ಮಾಸ್ತರ · ಜುಲೈ 31, ಸಂಜೆ 7:05

ಈಗ ಮಳೆಯನ್ನೇ ಕಾಯಬೇಕು. ಮೋಡ ಕಟ್ಟಿ, ಸಣ್ಣಗೆ ಹನಿ ಶುರುವಾಗುವ ಸೂಚನೆ ಇದ್ದ ದಿನ ಮಧ್ಯಾಹ್ನ ಹಾಕು. ಎಲೆ ಒದ್ದೆ ಇದ್ದಾಗ ಮಾತ್ರ ಬೇಡ. ಒಂದು ವಾರದೊಳಗೆ ಆಗಬೇಕು.

ವರದಾ ದಂಡೆ · ಅಕ್ಟೋಬರ್ 9, ರಾತ್ರಿ 9:15

ಈ ಚರ್ಚೆಯನ್ನು ಹಾಗೇ ಬಿಟ್ಟಿದ್ದೆ. ತೆನೆ ಮುರಿದು ಮುಗಿಯಿತು.

ಆಗಸ್ಟ್ 3ಕ್ಕೆ ಎರಡನೇ ಸಲ ಹಾಕಿದ್ದೆ. ಅದೇ ರಾತ್ರಿ ಹದವಾದ ಮಳೆ ಬಂತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಗೂಟದ ಸಾಲುಗಳಿಂದ ಇಪ್ಪತ್ತಿಪ್ಪತ್ತು ತೆನೆ ಬೇರೆ ಮುರಿದು ತೂಗಿದೆವು. ಉಪವಾಸದ ಸಾಲಿನ ತೆನೆ ಗಿಡ್ಡ, ತುದಿಯಲ್ಲಿ ಎರಡು ಬೆರಳು ಕಾಳೇ ಇಲ್ಲ. ಒಂದು ಡಬ್ಬಿ ಸಾಲು, ಎರಡು ಡಬ್ಬಿ ಸಾಲು ತಕ್ಕಡಿಯಲ್ಲಿ ಹೆಚ್ಚೂ ಕಡಿಮೆ ಸಮ. ಅಪ್ಪ ಎರಡು ಸಲ ತೂಗಿಸಿದರು. ತಕ್ಕಡಿ ಸರಿ ಇಲ್ಲ ಅಂದರು. ಮೂರನೇ ಸಲ ಪಕ್ಕದ ಮನೆಯ ತಕ್ಕಡಿ ತಂದೆವು.

ಎರೆಯ ಎಕರೆ ಮಸಾರಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ಮುಂದಿನ ವರ್ಷ ಬಿತ್ತುವ ಮುಂಚೆಯೇ ಕಾಲುವೆ ತೆಗೆಯುತ್ತೇನೆ. ಈಗ ಅಲ್ಲಿ ಕಡಲೆ ಬಿತ್ತುತ್ತಿದ್ದೇವೆ.

ಹೆಸರು ಬೇಳೆ · ಅಕ್ಟೋಬರ್ 9, ರಾತ್ರಿ 9:30

ಕಡಲೆಗೆ ಯೂರಿಯಾ?

ಎರೆಹೊಲ · ಅಕ್ಟೋಬರ್ 9, ರಾತ್ರಿ 9:31

ಮತ್ತೆ ಶುರು ಮಾಡಿದರಲ್ಲ.

ಬುತ್ತಿಗಂಟು · ಅಕ್ಟೋಬರ್ 9, ರಾತ್ರಿ 9:50

ಡಬ್ಬಿ ತೊಳೆದು ಮೇಲೆ ಇಟ್ಟಿರಾ? ದನದ ನೀರಿನ ತೊಟ್ಟಿ ಹತ್ತಿರ ಬಿಟ್ಟಿಲ್ಲ ತಾನೆ?

ವರದಾ ದಂಡೆ · ಅಕ್ಟೋಬರ್ 9, ರಾತ್ರಿ 9:58

ಅಟ್ಟದ ಮೇಲಿದೆ ಅಕ್ಕ. ಅಪ್ಪನೇ ಗೆರೆ ಅಳಿಸದ ಹಾಗೆ ತೊಳೆದಿಟ್ಟಿದ್ದಾರೆ.